ಪೈಲ್ವಾನನ ನಸಬಂದಿ

ನನ್ನನ್ನು ದಾರಿಯಲ್ಲಿ ಕಂಡ ಗಂಡಸರು ಮೊದಲು ನನ್ನ ಮುಖ ನೋಡುವುದಿಲ್ಲ, ನಡಿಗೆ ನೋಡುತ್ತಾರೆ. ಗಿರಣಿಯ ಭೋಂಗಾ ಕೂಗಿ, ಪಾಳಿ ಮುಗಿಸಿ ಗೇಟಿನಿಂದ ಹೊರಬೀಳುವಾಗ ಹಿಂದೆ ಯಾರೋ ಮಾತು ನಿಲ್ಲಿಸಿದರೆಂದರೆ ನನಗೆ ತಿಳಿದುಬಿಡುತ್ತದೆ. ಇವನು ಕುಂಟುತ್ತಾನೋ, ಕಾಲು ಅಗಲಿಸುತ್ತಾನೋ, ಸೊಂಟ ಬಳುಕಿಸುತ್ತಾನೋ ಎಂದು ನೋಡುತ್ತಿದ್ದಾರೆ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಬೇಕೆಂದೇ ಎದೆಯುಬ್ಬಿಸಿ ನಾಲ್ಕು ಹೆಜ್ಜೆ ನಡೆದು ತೋರಿಸುತ್ತೇನೆ. ನೋಡುವವರು ಕಣ್ತುಂಬ ನೋಡಿಕೊಳ್ಳಲಿ.

ಹೀಗೆ ನೋಡಿದವರಲ್ಲಿ ಕೆಲವರು ಆಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ. ವಿಜಾಪುರ ರಸ್ತೆಯ ಚಹಾದಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಮಳೆ, ಜೋಳ, ಗಿರಣಿ ಎಂದೆಲ್ಲ ಸುತ್ತಾಡಿ, ಬಸಿಯಲ್ಲಿ ಸುರುವಿಕೊಂಡ ಚಹಾ ಆರಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ. ನೋವಾಗುತ್ತದೆಯೇ? ಆಮೇಲೆ ಎಲ್ಲವೂ ಮೊದಲಿನಂತೆಯೇ ಇರುತ್ತದೆಯೇ? ಒಬ್ಬರೂ ತಮಗಾಗಿ ಕೇಳುವುದಿಲ್ಲ, ಎಲ್ಲರೂ ಯಾವನೋ ಗೆಳೆಯನ ಸಲುವಾಗಿಯೇ ಕೇಳುತ್ತಾರೆ. ಈ ಕಾಣದ ಗೆಳೆಯರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ. ಅಕ್ಕಲಕೋಟ ಕಡೆಯ ಹಳ್ಳಿಯ ಕನ್ನಡ ಸಾಲೆಯಲ್ಲಿ ಓದಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು ನಾನು. ಇಷ್ಟು ಬರೆಯುವುದಕ್ಕೆ ಅಷ್ಟು ಸಾಕು.

ನನ್ನ ಹೆಸರು ಗುರುಲಿಂಗ. ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸ. ಮದುವೆಗೆ ಮುಂಚೆ ಸೋಲಾಪುರದ ಒಂದು ತಾಲೀಮಿನಲ್ಲಿ ಕುಸ್ತಿ ಆಡುತ್ತಿದ್ದೆ. ದೊಡ್ಡ ಹೆಸರು ಮಾಡಲಿಲ್ಲ, ಆದರೆ ನನ್ನ ಹಿಡಿತಕ್ಕೆ ಸಿಕ್ಕವರು ನನ್ನನ್ನು ಮರೆತಿಲ್ಲ. ಮದುವೆಯಾದ ಮೇಲೆ ತಾಲೀಮು ಬಿಟ್ಟೆ, ಲಂಗೋಟ ಮಡಚಿ ಕಬ್ಬಿಣದ ಪೆಟ್ಟಿಗೆಗೆ ಹಾಕಿದೆ. ಹಿರಿಯ ಮಗಳು ಸಾವಿತ್ರಿ ಹುಟ್ಟಿದಳು, ಆಮೇಲೆ ಇಬ್ಬರು ಗಂಡುಮಕ್ಕಳು. ನಡುವೆ ಒಂದು ಕೂಸು ಉಳಿಯಲಿಲ್ಲ. ಕಡೆಯದೊಂದು ಹೆಣ್ಣು ಸಂಕ್ರಾಂತಿಯ ಹೊತ್ತಿಗೆ ಹುಟ್ಟಿತು. ನನ್ನ ಕತೆ ಶುರುವಾಗುವುದು ಆ ಹೆರಿಗೆಯಿಂದ.

ಸರಕಾರಿ ದವಾಖಾನೆಯ ಹೆಂಗಸರ ವಾರ್ಡಿನ ಮುಂದೆ ಒಂದು ಉದ್ದನೆಯ ಪಡಸಾಲೆ. ಗಂಡಸರು ಅಲ್ಲೇ ಗೋಡೆಗೊರಗಿ ಕೂಡುವುದು. ಒಳಗಿನಿಂದ ಯಾರ ಕೂಗು ಕೇಳಿದರೂ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ, ಆಮೇಲೆ ನನ್ನದಲ್ಲ, ನನ್ನದಲ್ಲ ಎಂದು ಒಬ್ಬೊಬ್ಬರಾಗಿ ತಲೆ ಇಳಿಸುತ್ತಾರೆ. ಆ ದಿನ ನನ್ನ ಹೆಂಡತಿ ಕಾಶವ್ವನ ಕೂಗು ಬರಲೇ ಇಲ್ಲ. ರಕ್ತದಲ್ಲಿ ತೊಯ್ದ ಬಟ್ಟೆಗಳ ಬಕೀಟು ಮಾತ್ರ ಮತ್ತೆ ಮತ್ತೆ ಹೊರಗೆ ಬಂತು. ನಾನು ಅಖಾಡದಲ್ಲಿ ಎಂಥೆಂಥವರ ಎದುರಿಗೆ ನಿಂತವನು, ಆ ಬಕೀಟಿನ ಎದುರಿಗೆ ನಿಲ್ಲಲಾಗದೆ ಅಂಗಳಕ್ಕೆ ಇಳಿದು ಬೇವಿನ ಗಿಡ ಹಿಡಿದುಕೊಂಡು ನಿಂತೆ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕಾಶವ್ವ ಉಳಿದಳು. ಮನೆಗೆ ಕಳಿಸುವ ದಿನ ಡಾಕ್ಟರೀಣಬಾಯಿ ನನ್ನೊಬ್ಬನನ್ನೇ ಒಳಗೆ ಕರೆದರು. ಮರಾಠಿ ಮನೆತನದವರು, ಆದರೆ ನಮ್ಮಂಥವರ ಜೊತೆ ಬಳಸಿ ಬಳಸಿ ನಮ್ಮ ಕನ್ನಡವನ್ನೇ ಆಡುತ್ತಿದ್ದರು.

"ಈ ಸಲ ಉಳಿಸೀವಿ. ಇನ್ನೊಂದು ಹೆರಿಗಿ ಆದ್ರ ಆಕಿ ಮನಿಗಿ ಬರೂದಿಲ್ಲ, ತಿಳ್ಕೊ" ಅಂದರು.

ಹಾಗಿದ್ದರೆ ಅವಳಿಗೇ ಆಪರೇಶನ್ ಮಾಡಿಬಿಡಿ ಎಂದು ನಾನು ಕೈ ಮುಗಿದೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಆಕಿ ಮೈಯಾಗ ರಕ್ತ ಎಲ್ಲಿ ಅದ ಹೊಟ್ಟಿ ಕೊಯ್ಯಾಕ? ನೀ ಅದೀಯಲ್ಲ ಗಟ್ಟಿ ಆಳು. ನೀ ಮಾಡಿಸ್ಕೊ. ಆಕಿ ಇಷ್ಟು ಸಲ ಒಳಗ ಹೋಗಿ ಬಂದಾಳ, ನೀ ಒಂದ ಸಲ ಹೋಗು."

ಗಂಡಸರಿಗೂ ಮಕ್ಕಳಾಗದಂತೆ ಮಾಡುವ ಆಪರೇಶನ್, ನಸಬಂದಿ, ಇದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೋಡೆಯ ಮೇಲಿನ ಸರಕಾರದ ಚಿತ್ರಗಳಲ್ಲಿ ನೋಡಿದ್ದೆ. ಆದರೆ ನನಗೆ ಥಟ್ಟನೆ ಕಣ್ಣಿಗೆ ಕಟ್ಟಿದ್ದು ಆ ಚಿತ್ರವಲ್ಲ, ನಮ್ಮೂರಲ್ಲಿ ಹೋರಿಯ ಬೀಜ ಒಡೆಯುವ ಕೆಲಸ. ನಾಲ್ಕು ಜನ ಹೋರಿಯನ್ನು ಕೆಡವಿ ಕಾಲು ಕಟ್ಟುತ್ತಾರೆ. ಅದು ಮೂಗಿನಿಂದ ಬಿಸಿ ಉಸಿರು ಬಿಡುತ್ತ ಕಣ್ಣು ಮೇಲೆ ಮಾಡುತ್ತದೆ. ನಿನ್ನೆಯವರೆಗೆ ಗೂಟ ಕಿತ್ತು ಊರೆಲ್ಲ ಓಡಿಸಿದ್ದು ಮುಂದೆ ಕತ್ತು ಬಗ್ಗಿಸಿ ನೊಗಕ್ಕೆ ಬರುತ್ತದೆ. ನಮ್ಮ ಕಡೆಯ ಒಕ್ಕಲುಮಕ್ಕಳು ಎಲ್ಲರೂ ಇದನ್ನು ನೋಡುತ್ತಲೇ ಬೆಳೆದವರು. ಹಾಗಾಗಿ ನಸಬಂದಿ ಎಂದರೆ ನಮಗೆ ಬೇರೆ ಯಾವ ಚಿತ್ರವೂ ಹೊಳೆಯುವುದಿಲ್ಲ. ನನ್ನನ್ನು ಕೇಳಲು ಬಂದವರ ಕಣ್ಣಲ್ಲಿ ನಾನು ಇವತ್ತಿಗೂ ಆ ಹೋರಿಯನ್ನು ಕಾಣುತ್ತೇನೆ.

ಬಾಣಂತನಕ್ಕೆ ಊರಿಂದ ಅವ್ವ ಬಂದಿದ್ದಳು. ಕೂಸನ್ನು ನೋಡಲು ಅಣ್ಣ ಸಿದ್ರಾಮನೂ ಬಂದ. ಹೊಲ ಮನೆ ಎಲ್ಲ ಅವನೇ ನೋಡಿಕೊಳ್ಳುವುದು, ನನಗೆ ತಂದೆಯ ಜಾಗದಲ್ಲಿ ನಿಂತವನು, ಅವನಿಗೆ ಎದುರು ಆಡಿ ನನಗೆ ರೂಢಿಯಿಲ್ಲ. ಡಾಕ್ಟರೀಣಬಾಯಿಯ ಮಾತು ಕೇಳಿ ಅವನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ಕಾಶವ್ವನನ್ನು ತವರಿಗೆ ಕಳಿಸಿಬಿಡು ಅಂದ. ನಾನು ಅದಕ್ಕೆ ಒಪ್ಪದಿದ್ದಾಗ, ಇನ್ನೊಂದು ಮದುವೆ ಮಾಡಿಕೋ ಎಂಬ ಮಾತೂ ಬಂತು. ಒಳಗೆ ಬಾಣಂತಿ ಮಲಗಿದ್ದ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಅಷ್ಟೆ.

ನಾನು ಆಪರೇಶನ್ ಮಾಡಿಸಿಕೊಳ್ಳುವ ವಿಚಾರ ಹೇಳಿದೆ. ಅಣ್ಣ ಎಲೆ ಉಗುಳಿ ಬಂದು ಕೂತ.

"ಹೆಂಗಸು ಹಡೀತಾಳ. ಒಬ್ಬಾಕಿ ಬದುಕ್ತಾಳ, ಒಬ್ಬಾಕಿ ಹೋಗ್ತಾಳ. ಅದು ಆಕಿ ದೈವ. ಅದಕ್ಕ ಗಂಡಸು ಕೊಯ್ಸಿಕೋತಾನೇನು?"

"ಆಕಿ ದೈವ ಬರ್ಯಾಂವ ಯಾರು ಅಣ್ಣಾ? ಪ್ರತೀ ಸಲ ನಾನೇ ಬರದೀನಲ್ಲ" ಅಂದೆ.

ಇಂಥ ಮಾತು ನನ್ನ ಬಾಯಿಂದ ಬರುತ್ತದೆಂದು ಅವನೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಅವನು ರುಮಾಲು ಸುತ್ತಿಕೊಂಡು ಎದ್ದು ಹೋದ. ಬಸ್ಸಿಗೆ ಬಿಡಲು ಬರುತ್ತೇನೆಂದರೂ ಬೇಡವೆಂದ.

ಅಣ್ಣ ಬೇಡವೆಂದದ್ದಕ್ಕೆ ನನಗೆ ಅಷ್ಟು ಅನ್ನಿಸಲಿಲ್ಲ. ಕಾಶವ್ವನೇ ಬೇಡವೆಂದಳು, ಅದು ನನ್ನನ್ನು ಸುಸ್ತು ಮಾಡಿತು. ಗಂಡನನ್ನು ಕೊಯ್ಸಿ ತಾನು ಉಳಿದುಕೊಂಡಳು ಎಂದು ನಾಳೆ ನೀರು ತರುವಲ್ಲಿ ಹೆಂಗಸರು ಆಡುತ್ತಾರೆ, ಅತ್ತೆ ಜೀವನಪೂರ್ತಿ ಮುಖ ನೋಡುವುದಿಲ್ಲ ಎಂಬುದು ಅವಳ ಹೆದರಿಕೆ. ಡಾಕ್ಟರಿಗೆ ಹೇಳಿ ತನಗೇ ಮಾಡಿಸಿ, ಆದದ್ದಾಗಲಿ ಎಂದು ಹಟ ಹಿಡಿದಳು.

"ನನ್ನ ಸಲುವಾಗಿ ನೀವು ಎತ್ತು ಆಗೂದು ಬ್ಯಾಡ್ರಿ" ಅಂದಳು.

ನನಗೆ ನಗು ಬಂತು. ಅವಳು ನಗಲಿಲ್ಲ, ಪರದೆಯ ಕಡೆ ತಿರುಗಿ ಮಲಗಿದಳು.

ಅಷ್ಟರಲ್ಲಿ ನಾನು ಸರ್ಜನ್ ಸಾಹೇಬರನ್ನು ಕಂಡು ಬಂದಿದ್ದೆ. ಧಾರವಾಡ ಕಡೆಯವರು. ದವಾಖಾನೆಯ ಆ ಮರಾಠಿ ಗದ್ದಲದಲ್ಲಿ ಅವರ ಬಾಯಿಂದ ಕನ್ನಡ ಕೇಳಿದ್ದೇ ಅರ್ಧ ಧೈರ್ಯ ಬಂತು. ನಾನು ನಾಚಿಕೆ ಬಿಟ್ಟು ಹೋರಿಯ ಮಾತು ಎತ್ತಿದೆ. ಅವರು ಬಹಳ ಜನ ಇದನ್ನೇ ಕೇಳುತ್ತಾರೆಂದು ನಕ್ಕರು. ಅದು ಬೇರೆ, ಇದು ಬೇರೆ, ನಿನ್ನದೇನನ್ನೂ ತೆಗೆಯುವುದಿಲ್ಲ, ಒಂದು ದಾರಿಯನ್ನಷ್ಟೇ ಕಟ್ಟುತ್ತೇನೆ, ಗಡ್ಡ ಮೀಸೆ ಗತ್ತು ಎಲ್ಲ ನಿನ್ನಲ್ಲೇ ಇರುತ್ತವೆ ಅಂದರು. ಬರುವಾಗ ಬಿಗಿಯಾದ ಲಂಗೋಟವೊಂದನ್ನು ತರಬೇಕು, ಆಪರೇಶನ್ ಆದ ಮೇಲೆ ಕೆಲವು ದಿನ ಅದನ್ನು ಕಟ್ಟಿಕೊಂಡೇ ಇರಬೇಕು ಎಂದೂ ಹೇಳಿದರು. ಪೈಲ್ವಾನನಿಗೆ ಲಂಗೋಟದ ಬರವೇ ಎಂದು ಗತ್ತಿನಿಂದಲೇ ಹೊರಬಿದ್ದೆ. ಆದರೆ ದಿನ ಗೊತ್ತಾದ ಮೇಲೆ ಎರಡು ಸಲ ಏನೋ ನೆವ ಹೇಳಿ ಮುಂದೂಡಿದೆ. ಅಣ್ಣನ ಮಾತು, ಕಾಶವ್ವನ ಹಟ, ಹೋರಿಯ ಕಣ್ಣು ಎಲ್ಲ ಸೇರಿ ಕಾಲು ಹಿಂದಕ್ಕೆ ಎಳೆಯುತ್ತಿದ್ದವು.

ನನ್ನನ್ನು ದವಾಖಾನೆಗೆ ನೂಕಿದ್ದು ಯಾರ ಬುದ್ಧಿವಾದವೂ ಅಲ್ಲ. ಒಂದು ಸಂಜೆ ಲಂಗೋಟ ಹುಡುಕುತ್ತಿದ್ದೆ, ಎಲ್ಲಿಟ್ಟಿದ್ದೆನೆಂದು ಮರೆತುಹೋಗಿತ್ತು. ಅವ್ವ ಕೂಸಿಗೆ ಹೊಗೆ ಹಾಕುತ್ತಿದ್ದಳು. ಲಂಗೋಟ ಎಲ್ಲಿದೆ ಎಂದು ಸುಮ್ಮನೆ ಮನೆಗೆಲ್ಲ ಕೇಳುವ ಹಾಗೆ ಕೂಗಿದೆ. ಸಾವಿತ್ರಿ ಒಲೆಯ ಮುಂದಿನಿಂದಲೇ ಹೇಳಿದಳು.

"ಪೆಟಗ್ಯಾಗ ಅದ ಅಪ್ಪಾ. ಅವ್ವ ಸಾಯೋ ಸೀರಿ ತೆಳಗ."

ಅದೊಂದು ಹಸಿರು ಇಳಕಲ್ಲ ಸೀರೆ. ಹಿಂದೆ ಕಾಶವ್ವ ಬಸುರಿದ್ದಾಗ ಅವ್ವನೇ ಆಸೆಪಟ್ಟು ಅಕ್ಕಲಕೋಟದ ಪೇಟೆಯಿಂದ ತಂದುಕೊಟ್ಟದ್ದು. ಕಾಶವ್ವ ಅದರ ಮಡಿಕೆ ಬಿಚ್ಚಲಿಲ್ಲ. ನಮ್ಮಲ್ಲಿ ಗಂಡನಿರುವಾಗ ಹೋದ ಮುತ್ತೈದೆಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಣ್ಣಿಗೆ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಸೀರೆಗಾಗಿ ಯಾರೂ ಓಡಾಡುವುದು ಬೇಡವೆಂದು ಅವಳು ಅದನ್ನು ತೆಗೆದಿಟ್ಟಳು. ಪ್ರತಿ ಹೆರಿಗೆಗೆ ಮುಂಚೆ ನುಸಿ ಹತ್ತದ ಹಾಗೆ ಬೇವಿನ ಎಲೆ ಬದಲಿಸಿ ಇಡುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಸಾವಿತ್ರಿಗೂ ತೋರಿಸಿ ಇಟ್ಟಿದ್ದಾಳೆಂದು ಗೊತ್ತಿರಲಿಲ್ಲ. ಆ ಹುಡುಗಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವ ದನಿಯಲ್ಲಿಯೇ ಅದನ್ನು ಹೇಳಿದಳು. ಅವ್ವನ ಕೈ ಕೂಸಿನ ಮೇಲೆ ಹಾಗೆಯೇ ನಿಂತಿತು. ನಾನು ಸೀರೆಯನ್ನು ಎತ್ತಿ, ಕೆಳಗಿನ ಲಂಗೋಟ ತೆಗೆದುಕೊಂಡು, ಸೀರೆಯನ್ನು ಮತ್ತೆ ಇದ್ದ ಹಾಗೆಯೇ ಇಟ್ಟೆ. ಬೆಳಿಗ್ಗೆ ಯಾರಿಗೂ ಏನೂ ಹೇಳದೆ ಹೊರಟೆ.

ಈಗ ಎಲ್ಲರೂ ಕೇಳುವ ಭಾಗಕ್ಕೆ ಬಂದೆ. ಸರ್ಜನ್ ಸಾಹೇಬರ ಕೋಣೆಯ ಮುಂದೆ ಒಂದು ಬೆಂಚು. ಅದರ ಮೇಲೆ ಕೊರಳಿಗೆ ಟೇಪು ಹಾಕಿಕೊಂಡೇ ಬಂದಿದ್ದ ಒಬ್ಬ ದರ್ಜಿ, ಕರಿ ಟೊಪ್ಪಿಗೆಯ ಒಬ್ಬ ಮಾಸ್ತರರು, ಕೈಯಲ್ಲಿ ಬಾರುಕೋಲು ಹಿಡಿದ ಒಬ್ಬ ಟಾಂಗಾದವನು. ಏನು ತ್ರಾಸು ಎಂದು ಒಬ್ಬರನ್ನೊಬ್ಬರು ವಿಚಾರಿಸಿದೆವು. ದರ್ಜಿಗೆ ಹೊಟ್ಟೆಶೂಲೆಯಂತೆ. ಮಾಸ್ತರರಿಗೆ ಮೂಲವ್ಯಾಧಿ. ಟಾಂಗಾದವನಿಗೆ ತೊಡೆಯಲ್ಲಿ ಕುರು. ನಾನು ಮಂಡಿನೋವು ಎಂದೆ. ನಾಲ್ವರೂ ಪಾಪ ಪಾಪ ಎಂದುಕೊಂಡು ಗೋಡೆ ನೋಡುತ್ತ ಕೂತೆವು.

ಕಂಪೌಂಡರ ಬಾಗಿಲು ತೆರೆದು ಇಡೀ ಪಡಸಾಲೆಗೆ ಕೇಳುವ ಹಾಗೆ, ನಸಬಂದಿವಾಲೆ ಕೋಣ ಕೋಣ, ನಸಬಂದಿಯವರು ಯಾರ್ಯಾರು, ಎಂದು ಮರಾಠಿಯಲ್ಲಿ ಕೂಗಿದ. ಒಬ್ಬರೂ ಅಲುಗಲಿಲ್ಲ. ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡರು. ಕಂಪೌಂಡರ ಇನ್ನೊಂದು ಸಲ ಕೂಗಿ, ಯಾರೂ ಇಲ್ಲವೆಂದು ಒಳಗೆ ಹೋಗಲು ತಿರುಗಿದ. ನನಗೆ ಆ ಪೆಟ್ಟಿಗೆ ನೆನಪಾಯಿತು. ಎದ್ದು ನಿಂತು, ನಾನು ಅಂದೆ. ಅಖಾಡದಲ್ಲಿ ಹೆಸರು ಕೂಗಿದಾಗ ತೊಡೆ ತಟ್ಟಿ ಎದ್ದು ರೂಢಿಯಿದ್ದವನಿಗೆ ಇಷ್ಟು ತಡವಾದದ್ದೇ ಹೆಚ್ಚು. ನಾನು ಎದ್ದದ್ದೇ ತಡ, ಹೊಟ್ಟೆಶೂಲೆ ಎದ್ದಿತು, ಕುರು ಎದ್ದಿತು, ಕಡೆಗೆ ಮೂಲವ್ಯಾಧಿಯೂ ಕೆಮ್ಮುತ್ತ ಎದ್ದು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿ ನಾವು ನಕ್ಕ ನಗುವಿಗೆ ಕಂಪೌಂಡರ ಬೈದ. ಆ ನಗುವಿನಿಂದಲೇ ಅರ್ಧ ಹೆದರಿಕೆ ಹೋಯಿತು.

ಮೇಜಿನ ಮೇಲೆ ಮಲಗಿದಾಗ ಸೂಜಿ ಚುಚ್ಚಿದ್ದು ಗೊತ್ತಾಯಿತು, ಆಮೇಲಿನದು ಅಷ್ಟಾಗಿ ಗೊತ್ತಾಗಲಿಲ್ಲ. ವಯಸ್ಸಾದ ನರ್ಸಬಾಯಿಯೊಬ್ಬರು ತಲೆಯ ಕಡೆ ನಿಂತು, ಪೈಲ್ವಾನನಂತೆ, ಯಾವುದಾದರೂ ಕುಸ್ತಿಯ ಕತೆ ಹೇಳು ಅಂದರು. ನಾನು ಮಂಗಳವೇಢೆಯಲ್ಲಿ ನನಗಿಂತ ಒಂದು ಗೇಣು ಎತ್ತರದವನ ಜೊತೆ ಆಡಿದ್ದನ್ನು ಶುರುಮಾಡಿದೆ. ಎದುರಾಳಿಯ ಕಾಲಿಗೆ ಕೈ ಹಾಕಿ ಎತ್ತುತ್ತಿದ್ದೆ, ಸಾಹೇಬರು ಏಳು, ಮುಗಿಯಿತು ಅಂದರು. ನನ್ನ ಕುಸ್ತಿ ಇನ್ನೂ ಮುಗಿದಿಲ್ಲವಲ್ಲ ಅಂದೆ. ಅದನ್ನು ಮನೆಯಲ್ಲಿ ಹೆಂಡತಿಗೆ ಹೇಳು ಎಂದು ನರ್ಸಬಾಯಿ ಲಂಗೋಟ ಕೈಗೆ ಕೊಟ್ಟರು.

ಆಮೇಲೆ ನೋವಿತ್ತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಅಖಾಡದಲ್ಲಿ ಒಮ್ಮೆ ಒದೆ ಬಿದ್ದಾಗ ಆದಷ್ಟು ನೋವು, ಆದರೆ ಇದು ಮೆಲ್ಲಗೆ ಇಳಿಯಿತು. ಟಾಂಗಾದವನು ತನ್ನ ಟಾಂಗಾ ತಾನೇ ಹೊಡೆದುಕೊಂಡು ಬಂದಿದ್ದ, ಹಾಗೆಯೇ ಹೊಡೆದುಕೊಂಡು ಹೋಗುವ ವಿಚಾರದಲ್ಲಿದ್ದ. ಸಾಹೇಬರು ಬೈದು ಲಗಾಮನ್ನು ಅವನ ಅಳಿಯನ ಕೈಗೆ ಕೊಡಿಸಿದರು. ನಮ್ಮಿಬ್ಬರನ್ನೂ ಹಿಂದೆ ಕೂಡಿಸಿದರು. ತಾನು ಇಷ್ಟು ವರ್ಷ ಜನರನ್ನು ಇಷ್ಟು ಕುಲುಕಿದ್ದೇನೆಂದು ತನಗೆ ತಿಳಿದೇ ಇರಲಿಲ್ಲ ಎಂದು ಅವನು ದಾರಿಯುದ್ದಕ್ಕೂ ನರಳಿದ.

ಮನೆಯಲ್ಲಿ ಅವ್ವ ಬಾಣಂತಿಗೆಂದು ಮಾಡಿದ್ದ ಅಂಟಿನ ಉಂಡೆಯಲ್ಲಿ ಒಂದನ್ನು ತಂದು ನನ್ನ ಪಕ್ಕ ಇಟ್ಟು ಹೋದಳು. ಕಾಶವ್ವ ಅತ್ತಳು. ಸಾಹೇಬರು ಕೆಲವು ತಿಂಗಳು ಜಾಗ್ರತೆ ಇರಬೇಕು, ಆಮೇಲೆ ಬಂದು ತಪಾಸು ಮಾಡಿಸಬೇಕು ಎಂದಿದ್ದರು. ಎರಡನ್ನೂ ಪಾಲಿಸಿದೆ. ಕೇಳುವವರು ಈ ಮಾತು ಮರೆಯಬಾರದು. ಉಳಿದ ಪ್ರಶ್ನೆ ಇದೆಯಲ್ಲ, ಚಹಾ ಆರಿಸಿ ಕೇಳುವ ಪ್ರಶ್ನೆ, ಅದಕ್ಕೆ ಉತ್ತರ: ಎಲ್ಲವೂ ಮೊದಲಿನಂತೆಯೇ ಇದೆ. ಹೆದರಿಕೆಯೊಂದು ಇಲ್ಲವಾದ್ದರಿಂದ ಮೊದಲಿಗಿಂತ ಚೆನ್ನಾಗಿದೆ.

ಸುದ್ದಿ ಓಣಿಯಲ್ಲೂ ಗಿರಣಿಯಲ್ಲೂ ಹರಡಿತು. ನನ್ನ ಪಕ್ಕದ ಮಗ್ಗದವನು ಒಂದು ದಿನ ನನಗೆ ಹುಲ್ಲು ತಂದು ಇಟ್ಟಿದ್ದ. ನಾನು ಆ ಹುಲ್ಲಿನ ಜೊತೆಗೆ ಅವನನ್ನೂ ಸೊಂಟ ಹಿಡಿದು ಎತ್ತಿ, ನೂಲಿನ ಗಂಟುಗಳ ಮೇಲೆ ಮೆತ್ತಗೆ ಕೂಡಿಸಿದೆ. ಆಮೇಲೆ ಹುಲ್ಲು ಬರಲಿಲ್ಲ.

ತಾಲೀಮಿನಲ್ಲಿ ಆದದ್ದೇ ಬೇರೆ. ನಮಗೆ ಕುಸ್ತಿ ಕಲಿಸಿದ ಬಾಬು ವಸ್ತಾದರು ಮದುವೆಯಾಗದೆ ಮುದುಕರಾದವರು. ಗಂಡಸಿನ ಬಲವೆಲ್ಲ ಮೈಯೊಳಗಿನ ಸತ್ವದಲ್ಲಿದೆ, ಅದನ್ನು ಹೊರಗೆ ಕಳೆದವನು ಕುಸ್ತಿಗೆ ಬಾರ ಎಂಬುದು ಅವರ ನಂಬಿಕೆ. ನಮ್ಮ ಕಡೆಯ ತಾಲೀಮುಗಳಲ್ಲಿ ಮಣ್ಣಿಗೆ ಇಳಿಯುವ ಮುಂಚೆ ಕಲಿಸುವ ಮೊದಲ ಪಾಠವೇ ಅದು. ನನಗೆ ಮದುವೆ ಗೊತ್ತಾದಾಗ ಅವರು ಸತ್ತವನನ್ನು ನೋಡುವ ಹಾಗೆ ನನ್ನನ್ನು ನೋಡಿದ್ದರು. ಈ ಸುದ್ದಿ ಕೇಳಿ ನನ್ನನ್ನು ಕರೆಸಿದರು. ಎರಡನೆಯ ಸಲ ಸತ್ತೆನೆಂದುಕೊಂಡೇ ಹೋದೆ. ಅವರು ಸಾಹೇಬರು ಏನು ಕಟ್ಟಿದರು, ಎಲ್ಲಿ ಕಟ್ಟಿದರು ಎಂದು ವಿವರವಾಗಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಬೆಳಗಿತು.

"ಅಂದ್ರ ಸತ್ವ ಹೊರಗ ಹೋಗೂ ದಾರಿ ಕಾಯಂ ಬಂದ್?"

"ಹಂಗಲ್ರಿ ವಸ್ತಾದ, ಅದು..."

"ಗಪ್ ಕೂಡ್ರು. ಲಂಗೋಟ ಬಿಗಿ ಇಡ್ರಿ ಅಂತ ಜನ್ಮ ಪೂರಾ ಬಡಕೊಂಡೀನಿ, ಒಬ್ಬಾಂವನೂ ಇಡಲಿಲ್ಲ. ಆ ಡಾಕ್ಟರ ಒಂದ ಗಂಟು ಹಾಕಿ ಕೂಡ್ರಿಸ್ಯಾನ."

ಕೆರೆಗೆ ಒಡ್ಡು ಹಾಕಿದ ಹಾಗೆ ನನ್ನ ಮೈಯಲ್ಲಿ ಬಲ ತುಂಬುತ್ತಿದೆ ಎಂದು ಅವರು ಅಲ್ಲೇ ತೀರ್ಪು ಕೊಟ್ಟರು. ಗಾಯ ಪೂರ್ತಿ ಮಾಯ್ದ ಮೇಲೆ ಅಖಾಡಕ್ಕೆ ಇಳಿಸಿದರು. ಎದುರಿಗೆ ದತ್ತೂ ಎಂಬ ಏರುಜವ್ವನದವನು. ಬೇರೆ ದಿನವಾಗಿದ್ದರೆ ನನ್ನನ್ನು ಚಿತ್ ಮಾಡಿ ಹಲ್ಲುಜ್ಜಲು ಹೋಗುತ್ತಿದ್ದ. ಅವತ್ತು ನನ್ನ ಒಡ್ಡು ಎಲ್ಲಿ ಒಡೆಯುತ್ತದೋ ಎಂಬ ಹೆದರಿಕೆಯಲ್ಲಿ ಕೈ ಕೊಡುವಾಗಲೇ ಹಿಂದೆ ಹಿಂದೆ ಸರಿಯುತ್ತಿದ್ದ. ಮೊದಲ ಹಿಡಿತಕ್ಕೇ ಬಿದ್ದ. ವಸ್ತಾದರು ಅಂಗೈಯಲ್ಲಿ ಮಣ್ಣು ತೆಗೆದು ನನ್ನ ಬೆನ್ನಿಗೆ ಬಳಿದರು. ನಾನು ಮಾತ್ರ ಏದುಸಿರು ಬಿಡುತ್ತ ನಿಂತಿದ್ದೆ, ಬಲ ತುಂಬಿದ ಲಕ್ಷಣವೇನೂ ನನಗೆ ಕಾಣಲಿಲ್ಲ.

ಮನೆಗೆ ಬಂದು ಇದನ್ನು ಕಾಶವ್ವನಿಗೆ ಹೇಳಿದೆ. ಅವಳು ಮೊದಲು ಸೆರಗು ಬಾಯಿಗೆ ಹಿಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಕಡೆಗೆ ಗೋಡೆ ಹಿಡಿದು ಕೂತಳು. ಆ ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ದತ್ತೂನನ್ನು ಕೆಡವಿದ್ದಕ್ಕಿಂತ ಅದು ದೊಡ್ಡ ಗೆಲುವಾಯಿತು.

ಮೂರ್ನಾಲ್ಕು ದಿನದಲ್ಲಿ ತಾಲೀಮಿನ ಇಬ್ಬರು ಬಂದು ತಮಗೂ ಮಾಡಿಸು ಅಂದರು. ಒಬ್ಬನಿಗೆ ಮದುವೆಯೇ ಆಗಿರಲಿಲ್ಲ, ದಸರೆಯ ಕುಸ್ತಿಗೆ ಬಲ ಬೇಕಿತ್ತು. ಇದು ಹದ್ದು ಮೀರಿತು ಎನಿಸಿ ವಸ್ತಾದರ ಹತ್ತಿರ ಹೋದೆ. ಆಪರೇಶನ್‌ನಿಂದ ಬಲ ಹೋಗುವುದೂ ಇಲ್ಲ, ಬರುವುದೂ ಇಲ್ಲ, ಕೂಸು ಆಗುವುದೊಂದು ನಿಲ್ಲುತ್ತದೆ ಅಷ್ಟೇ ಎಂದು ಎಲ್ಲರೆದುರಿಗೆ ಹೇಳಿದೆ. ವಸ್ತಾದರು ಬಹಳ ಬೇಜಾರುಪಟ್ಟುಕೊಂಡರು. ಮದುವೆಯಿಲ್ಲದವನು ಹಿಂದೆ ಸರಿದ. ಇನ್ನೊಬ್ಬ ಮನೆತುಂಬ ಮಕ್ಕಳಿದ್ದವನು. ಬಲ ಬಾರದಿದ್ದರೂ ಚಿಂತೆಯಿಲ್ಲ ಎಂದು ಹೋಗಿ ಮಾಡಿಸಿಕೊಂಡು ಬಂದ.

ಊರಿನ ಮಾತು ಬಾಕಿ ಇತ್ತು. ಪ್ರತಿ ವರ್ಷ ಹಿಂಗಾರಿ ಬಿತ್ತನೆಗೆ ನಾನು ಗಿರಣಿಗೆ ರಜೆ ಹಾಕಿ ಹೋಗುತ್ತೇನೆ. ನಮ್ಮ ಮನೆಯಲ್ಲಿ ಕೂರಿಗೆಯ ಬಟ್ಟಲಿಗೆ ಜೋಳದ ಕಾಳು ಬಿಡುವುದು ನನ್ನ ಕೆಲಸ. ಎತ್ತು ನಡೆದ ಹಾಗೆ ಮುಷ್ಟಿಯಿಂದ ಕಾಳು ಒಂದೇ ಸಮನಾಗಿ ಇಳಿಯಬೇಕು. ಆ ಕೈ ನನಗೆ ಅಪ್ಪನಿಂದ ಬಂದದ್ದು, ಅಣ್ಣನಿಗೆ ಬರಲಿಲ್ಲ. ಆ ವರ್ಷ ಉತ್ತರಿ ಮಳೆ ಚೆನ್ನಾಗಿ ಬಿತ್ತು. ನೀ ಬರುವ ತ್ರಾಸು ತಗೋಬೇಡ, ಆಳು ಹಚ್ಚಿದ್ದೇನೆ ಎಂದು ಅಣ್ಣ ಪೇಟೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ. ಯಾಕೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಶವ್ವ ಅವತ್ತು ಉಣ್ಣಲಿಲ್ಲ.

"ನನ್ನ ಸಲುವಾಗಿ ನಿಮಗ ಹೊಲ ತಪ್ಪಿತು" ಅಂದಳು.

ನನಗೆ ಬಹಳ ಕೆಟ್ಟದೆನಿಸಿತು. ಹೊಲ ತಪ್ಪಿದ್ದಕ್ಕಲ್ಲ. ಇಷ್ಟೆಲ್ಲ ಆದ ಮೇಲೂ ಅವಳು ಬದುಕಿರುವುದನ್ನು ತನ್ನ ತಪ್ಪು ಎಂದುಕೊಂಡಿದ್ದಾಳಲ್ಲ ಎಂದು. ಪೆಟ್ಟಿಗೆಯಲ್ಲಿ ಆ ಸೀರೆ ಇನ್ನೂ ಬೇವಿನ ಎಲೆಯ ನಡುವೆಯೇ ಇತ್ತು. ನಾನು ಎಲ್ಲರೂ ಹೊರಡಿ ಅಂದೆ. ಬಸ್ಸಿಗೆ ಹೊತ್ತಾಯಿತೆಂದು ಮಕ್ಕಳನ್ನು ಕರೆದುಕೊಂಡು ಮುಂದೆ ನಡೆದು ಸ್ಟ್ಯಾಂಡಿನಲ್ಲಿ ನಿಂತೆ. ಅವಳು ಕೂಸನ್ನು ಎತ್ತಿಕೊಂಡು ಹಿಂದಿನಿಂದ ಬಂದಳು. ಹಳೆಯ ಚಾದರವೊಂದನ್ನು ಮೈತುಂಬ ಹೊದ್ದುಕೊಂಡಿದ್ದಳು. ಕೂಸಿಗೆ ಗಾಳಿ ಹತ್ತಬಾರದೆಂದಿರಬೇಕು ಅಂದುಕೊಂಡೆ. ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ, ಅಲ್ಲಿಂದ ನಮ್ಮೂರ ಕಡೆಯ ಒಂದು ಗಾಡಿಯಲ್ಲಿ ನೇರ ಹೊಲಕ್ಕೆ ಹೋದೆವು.

ಕೂರಿಗೆಯ ಪೂಜೆ ಆಗಷ್ಟೇ ಮುಗಿದಿತ್ತು. ಕೂರಿಗೆಗೆ ಅರಿಶಿನ ಕುಂಕುಮ, ಎತ್ತುಗಳ ಹಣೆಗೆ ವಿಭೂತಿ. ಅವ್ವ ಕಾಳಿನ ಬುಟ್ಟಿ ಇಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಕಾಶವ್ವ, ಮಕ್ಕಳು ಗಾಡಿಯಿಂದ ಇಳಿಯುವಷ್ಟರಲ್ಲಿ ನಾನು ಚಪ್ಪಲಿ ಬಿಟ್ಟು ಹೊಲಕ್ಕಿಳಿದು ಕೂರಿಗೆಯ ಹತ್ತಿರ ಹೋದೆ. ಅಣ್ಣ ಅಡ್ಡ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವವನ ಹಾಗಿತ್ತು.

"ಮುಟ್ಟಬ್ಯಾಡ ತಮ್ಮಾ. ಬೀಜ ಸತ್ತ ಕೈಲೆ ಬಿತ್ತಿದ್ರ ನೆಲ ಹುಟ್ಟಸೂದಿಲ್ಲ ಅಂತಾರ."

"ಕೂರಿಗಿಗಿ ಏನು ಕಟ್ಟೀ ಅಣ್ಣಾ?"

"ಏನು ಕಟ್ಟತಾರ? ಎತ್ತು."

"ಹೋರಿ ಯಾಕ ಕಟ್ಟಲಿಲ್ಲ? ಬೀಜ ಒಡದ ಎತ್ತಿನ ಕೈಲೆ ಹರಗಸ್ತಿ, ಬಿತ್ತಸ್ತಿ, ರಾಶಿ ಮಾಡಸ್ತಿ. ಹಣಿಗಿ ವಿಭೂತಿ ಹಚ್ಚಿ ಕೈ ಮುಗೀತಿ. ನೆಲ ಅವಕ್ಕ ಒಲ್ಲೆ ಅಂದದ ಏನು? ನಾ ಒಬ್ಬಾಂವ ಹೆಚ್ಚಾದ್ನೇನು?"

ಎತ್ತು ಹಿಡಿದಿದ್ದ ಆಳು ನಗು ತಡೆಯಲು ಆ ಕಡೆ ಮುಖ ತಿರುಗಿಸಿದ. ಅಣ್ಣ ಮಾತ್ರ ದಾರಿ ಬಿಡಲಿಲ್ಲ. ಮಾತಿನಲ್ಲಿ ಗೆದ್ದು ಏನೂ ಆಗದೆ ನಾನು ಅಲ್ಲೇ ನಿಂತೆ. ಆಗ ಅವನ ಕಣ್ಣು ನನ್ನನ್ನು ಬಿಟ್ಟು ಹಿಂದಕ್ಕೆ ಹೋಯಿತು. ನಾನೂ ತಿರುಗಿದೆ.

ಕಾಶವ್ವ ಚಾದರವನ್ನು ಗಾಡಿಯ ಮೇಲೆ ಬಿಟ್ಟು ಬದುವಿನ ಗುಂಟ ಬರುತ್ತಿದ್ದಳು. ಮೈಮೇಲೆ ಆ ಹಸಿರು ಸೀರೆ. ಇಷ್ಟು ವರ್ಷ ಮಡಚಿಟ್ಟ ಗೆರೆಗಳು ಅದರ ಮೇಲೆ ಹಾಗೆಯೇ ಎದ್ದು ಕಾಣುತ್ತಿದ್ದವು. ಸಾವಿತ್ರಿ ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಡೆಯುತ್ತಿದ್ದಳು. ಅವ್ವ ಬುಟ್ಟಿ ಬಿಟ್ಟು ಎದ್ದು ನಿಂತಳು.

"ಆ ಸೀರಿ ಯಾಕ ಉಟ್ಟೀಯವ್ವಾ?" ಅಂದಳು.

"ಇಟ್ಟು ಏನು ಮಾಡ್ಲಿರಿ ಅತ್ತಿ? ಅದು ಬೇಕಾಗೂ ಹೊತ್ತು ಇವರು ದೂರ ಮಾಡ್ಯಾರ" ಅಂದಳು ಕಾಶವ್ವ.

ಅವ್ವ ಹತ್ತಿರ ಹೋಗಿ ಆ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದಳು. ಅವಳೂ ಹಡೆದು ಹಡೆದು ಸೋತವಳು. ಅಣ್ಣನ ಮತ್ತು ನನ್ನ ನಡುವೆ ಹುಟ್ಟಿ ಮಣ್ಣಿಗೆ ಹೋದ ಕೂಸುಗಳ ಮಾತು ಅವಳು ಎಂದೂ ಆಡಿದ್ದಿಲ್ಲ. ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಬುಟ್ಟಿಯಿಂದ ಕಾಳು ಬಾಚಿ ಸೊಸೆಯ ಉಡಿಗೆ ಹಾಕಿದಳು, ಇನ್ನೊಂದು ಸಲ ಬಾಚಿ ನನ್ನ ಕೈಗೆ ಹಾಕಿದಳು.

"ದಾರಿ ಬಿಡೋ ಸಿದ್ರಾಮ. ಹದ ಆರತದ" ಅಂದಳು.

ಅಣ್ಣ ದಾರಿ ಬಿಟ್ಟ. ಆ ದಿನ ನಾನು ಬಿತ್ತಿದೆ. ಕಾಶವ್ವ ಕೂಸನ್ನು ಅವ್ವನ ಕೈಗೆ ಕೊಟ್ಟು, ಉಡಿಯಲ್ಲಿ ಕಾಳು ಹೊತ್ತು ನನ್ನ ಪಕ್ಕ ನಡೆದಳು, ನನ್ನ ಮುಷ್ಟಿ ಬರಿದಾದಾಗಲೆಲ್ಲ ತುಂಬಿದಳು. ಸೀರೆಯ ಅಂಚಿಗೆ ಎರೆಮಣ್ಣು ಹತ್ತಿತು. ಜೋಳ ಹುಟ್ಟಿತೇ ಎಂದು ಕೇಳಬೇಡಿ. ಎಲ್ಲರ ಹೊಲದಲ್ಲಿ ಹುಟ್ಟಿದ ಹಾಗೆ ನಮ್ಮ ಹೊಲದಲ್ಲೂ ಹುಟ್ಟಿತು. ಅಣ್ಣ ಈಗಲೂ ಆ ಮಾತು ಎತ್ತುವುದಿಲ್ಲ, ಬಿತ್ತನೆಗೆ ಮಾತ್ರ ಮುಂಚಿತವಾಗಿ ಹೇಳಿಕಳಿಸುತ್ತಾನೆ.

ಸೀರೆಯ ಮಾತು ಹೇಳಿ ಮುಗಿಸುತ್ತೇನೆ. ಕಾಶವ್ವ ಅದನ್ನು ಬಾವಿಯ ಕಲ್ಲಿನ ಮೇಲೆ ಒಗೆದು ಒಣಹಾಕಿದಳು, ಮುಂದಿನ ವಾರ ಸಂತೆಗೆ ಉಟ್ಟಳು. ಆಮೇಲೆ ನೀರಿಗೆ ಉಟ್ಟಳು, ಒಲೆಯ ಮುಂದೆ ಉಟ್ಟಳು, ಸಾವಿತ್ರಿಯ ಸಾಲೆಗೆ ಹೋಗುವಾಗ ಉಟ್ಟಳು. ಬಣ್ಣ ಹೋಯಿತು, ಅಂಚು ಎದ್ದಿತು. ಹೋದ ಚಳಿಗಾಲದಲ್ಲಿ ಮೊಣಕಾಲ ಹತ್ತಿರ ಹೊಲಿಯಲು ಬಾರದ ಹಾಗೆ ಹರಿಯಿತು. ಅವಳು ಅದನ್ನು ಬಿಚ್ಚಿ ಕೌದಿಯ ಒಳಪದರಿಗೆ ಹಾಕಿ ಹೊಲಿದಳು. ಈಗ ನಮ್ಮ ನಾಲ್ಕೂ ಮಕ್ಕಳು ಆ ಕೌದಿ ಹೊದ್ದು ಮಲಗುತ್ತಾರೆ.